ರೆಕಾರ್ಡರ್ ಗುಜರಿಗೆ ಹಾಕೋ ಮುಂಚೆ ಡಿಸ್ಕ್ ಫೈನಲೈಸ್ ಮಾಡ್ಕಳ್ರಿ

ಸಂಪಾದಕರಿಗೆ ನಮಸ್ಕಾರ,

ಹಬ್ಬ ಹತ್ರ ಬಂತು ಅಂದ್ರೆ ನಮ್ಮ ದಾವಣಗೆರೆಲಿ ಮನೆ ಸುಣ್ಣ-ಬಣ್ಣ, ಅಟ್ಟದ ಸಾಮಾನೆಲ್ಲ ಗುಜರಿಗೆ. ಅದ್ರಲ್ಲಿ ಡಿವಿಡಿ ರೆಕಾರ್ಡರ್ ಏನಾದ್ರೂ ಇದ್ರೆ ಸ್ವಲ್ಪ ತಡೀರಿ ಅಂತ ಹೇಳೋಕೆ ಈ ಪತ್ರ. ಪ್ಲೇಯರ್ ಅಲ್ಲ ರೀ, ಟೀವಿಯಿಂದನೋ ಹಳೇ ಕ್ಯಾಸೆಟ್ಟಿಂದನೋ ನೇರವಾಗಿ ಡಿಸ್ಕಿಗೆ ಇಳಿಸ್ಕೊಳ್ತಿತ್ತಲ್ಲ, ಆ ಡಬ್ಬಿ. ಮದ್ವೆ, ನಾಮಕರಣ, ದುಗ್ಗಮ್ಮನ ಜಾತ್ರೆ ಎಲ್ಲ ಅದ್ರಲ್ಲೇ ಹಾಕ್ಕೊಂಡೋರು ಊರಲ್ಲಿ ಬಹಳ ಜನ ಇದಾರೆ.

ಈಗ ಆ ಡಿಸ್ಕ್ ಕಂಪ್ಯೂಟರಿಗೆ ಹಾಕಿದ್ರೆ ಖಾಲಿ ಅಂತ ತೋರ್ಸುತ್ತೆ. ನಮ್ಮ ಪರಿಚಯದವ್ರಿಗೆ ಒಂದು ಸ್ಟುಡಿಯೋದಲ್ಲಿ "ಡಿಸ್ಕ್ ಹೋಗೈತೆ, ಬಿಸಾಕ್ರಿ" ಅಂದೇಬಿಟ್ರಂತೆ. ಅದೇ ಡಿಸ್ಕ್ ಅವ್ರ ಮನೆ ರೆಕಾರ್ಡರಿಗೆ ಹಾಕಿದ್ರೆ ತೀರಿಹೋದ ಅಜ್ಜಿ ಅರಿಶಿನ ಶಾಸ್ತ್ರದಲ್ಲಿ ಸೋಬಾನೆ ಹೇಳ್ತಾ ಕೂತಿದಾರೆ, ಬಳೆ ಸದ್ದು ಸಮೇತ ಕೇಳುತ್ತೆ. ಡಿಸ್ಕ್ ಹೋಗಿರ್ಲಿಲ್ಲ, ಫೈನಲೈಸ್ ಆಗಿರ್ಲಿಲ್ಲ ಅಷ್ಟೇ. ರೆಕಾರ್ಡ್ ಮುಗಿದ್ಮೇಲೆ ಡಿಸ್ಕಲ್ಲಿ ಏನೇನು ಎಲ್ಲೆಲ್ಲಿದೆ ಅನ್ನೋ ಪಟ್ಟಿ ಬರ್ದು ಮುಚ್ಚೋ ಕೆಲ್ಸ ಅದು, ಮೆನುದಲ್ಲಿ ಡಿಸ್ಕ್ ಸೆಟ್ಟಿಂಗ್ ಒಳಗೆ ಸಿಗುತ್ತೆ, ಕೆಲವು ನಿಮಿಷದ್ದು, ಆದ್ರೆ ಆ ರೆಕಾರ್ಡರ್ರೇ ಬೇಕು, ಇಲ್ಲಾಂದ್ರೆ ಅದೇ ಕಂಪನಿದು ಯಾರ ಹತ್ರನಾದ್ರೂ ಹುಡುಕ್ಬೇಕು. ಡಬ್ಬಿ ಗುಜರಿಗೆ ಹೋದ್ಮೇಲೆ ಐಸೋಬಸ್ಟರ್ ಥರದ, ಇಂಥ ಡಿಸ್ಕಿಂದ ವಿಡಿಯೋ ಎತ್ತೋ ಸಾಫ್ಟ್‌ವೇರ್ ಹಿಡ್ಕಂಡು ಒದ್ದಾಡೋದೇ ಗತಿ.

ಫೈನಲೈಸ್ ಆದ್ಮೇಲೆ ಸುಲಭ. ಈಗಿನ ಲ್ಯಾಪ್‌ಟಾಪಲ್ಲಿ ಡ್ರೈವ್ ಇರಲ್ಲ, ಯುಎಸ್‌ಬಿ ಡಿವಿಡಿ ಡ್ರೈವ್ ತಗೊಳ್ಳಿ. ಡಿಸ್ಕಲ್ಲಿ ಸಾಮಾನ್ಯವಾಗಿ ವಿಡಿಯೋ_ಟಿಎಸ್ (VIDEO_TS) ಅನ್ನೋ ಫೋಲ್ಡರ್ ಇರುತ್ತೆ, ಒಳಗೆ 1 ಜಿಬಿ ಮೀರದಂಗೆ ತುಂಡು ತುಂಡಾಗಿ ವಿಒಬಿ (VOB) ಅನ್ನೋ ವಿಡಿಯೋ ಫೈಲು, ಒಂದೆರಡನ್ನ ಮಾತ್ರ ಎತ್ಕೋಬೇಡಿ, ಫೋಲ್ಡರ್ ಪೂರ್ತಿ ಕಾಪಿ ಮಾಡಿ, ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರಲ್ಲಿ ಓಡುತ್ತೆ. ಎಲ್ಲ ಒಂದೇ ಫೈಲ್ ಆಗ್ಬೇಕಂದ್ರೆ ಮೇಕ್‌ಎಂಕೆವಿ ಅನ್ನೋ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಕ್ವಾಲಿಟಿ ಒಂಚೂರೂ ಕಮ್ಮಿ ಆಗಲ್ಲ. ವಾಟ್ಸಾಪಿಗೆ ಕಳ್ಸೋಕೆ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಸಣ್ಣದು ಮಾಡ್ಕೊಳ್ಳಿ, ಅದ್ರಲ್ಲಿ ಡಿಇಂಟರ್‌ಲೇಸ್ ಅನ್ನೋ ಸೆಟ್ಟಿಂಗ್ ಹಾಕದಿದ್ರೆ ಕುಣಿಯೋರ ಕೈ ಸುತ್ತ ಬಾಚಣಿಗೆ ಹಲ್ಲಿನಂಗೆ ಗೆರೆ ಬರುತ್ತೆ. ಆ ಸಣ್ಣ ಫೈಲ್ ಇದೆ ಅಂತ ಮೂಲ ಅಳಿಸ್ಬೇಡಿ, ಸ್ಟುಡಿಯೋದವ್ರು ಕೆಲವರು ಆ ಸಣ್ಣ ಫೈಲಷ್ಟೇ ಮಾಡಿ ಕೊಟ್ಟು ದುಡ್ಡು ಇಸ್ಕೊಳ್ತಾರೆ.

ಹಾರ್ಡ್‌ಡಿಸ್ಕ್ ಇರೋ ರೆಕಾರ್ಡರ್ ಆದ್ರೆ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸೋಕೆ ಹೋಗ್ಬೇಡಿ. ಬಹಳಷ್ಟು ಕಂಪನಿಯವ್ರು ಅವ್ರದೇ ರೀತಿಲಿ ಬರ್ದಿರ್ತಾರೆ, ವಿಂಡೋಸ್ "ಫಾರ್ಮ್ಯಾಟ್ ಮಾಡ್ಲಾ" ಅಂತ ಕೇಳುತ್ತೆ, ಯಾರಾದ್ರೂ ಹೂಂ ಅಂದ್ರೆ ಮುಗೀತು ಕಥೆ. ಮೊದ್ಲು ಅದ್ರಿಂದಲೇ ಡಿವಿಡಿಗೆ ಹಾಕ್ಕೊಳ್ಳಿ. ಡಿಸ್ಕ್ ಬರೆಯೋ ಭಾಗನೇ ಕೆಟ್ಟಿದ್ರೆ ಹಳದಿ-ಕೆಂಪು-ಬಿಳಿ ವೈರಿಗೆ ಯುಎಸ್‌ಬಿ ಕ್ಯಾಪ್ಚರ್ (ವೈರಲ್ಲಿ ಬರೋ ವಿಡಿಯೋನ ಕಂಪ್ಯೂಟರಿಗೆ ಇಳಿಸೋ ಸಾಧನ) ಹಾಕಿ ಓಡಿಸ್ತಾ ತುಂಬ್ಕೋಬಹುದು, ಮೂರು ಗಂಟೆ ಮದ್ವೆಗೆ ಮೂರು ಗಂಟೆ ಕೂರ್ಬೇಕಷ್ಟೆ.

ನಿಮ್ಮ ಪೇಪರಲ್ಲಿ ಫೋಟೋ ಸಮೇತ ಇದನ್ನ ಒಂದ್ಸಲ ಬರೀರಿ. ದಾವಣಗೆರೆ, ಹರಿಹರದ ಸ್ಟುಡಿಯೋದವ್ರ ಹತ್ರ ಇನ್ನೂ ಓಡೋ ರೆಕಾರ್ಡರ್ ಇದ್ರೆ ಯಾವ ಕಂಪನಿದು ಅಂತ ಅಂಗಡಿ ಮುಂದೆ ಬೋರ್ಡ್ ಹಾಕ್ಲಿ, ದುಡ್ಡು ಕೊಟ್ಟು ಮಾಡಿಸ್ಕೊಳ್ಳೋರು ಇದಾರೆ.

ಇಂತಿ,
ಒಬ್ಬ ಓದುಗ
ಪಿ.ಜೆ. ಬಡಾವಣೆ, ದಾವಣಗೆರೆ