ಬಾಟಲಿ ಹಿಂದಿರುಗಿಸುವ ಮುನ್ನ

ನಿನ್ನೆ ಬೆಳಿಗ್ಗೆ ಚುಕ್ಕಿ ತನ್ನ ತಟ್ಟೆಯನ್ನು ನೆಕ್ಕಿ ಖಾಲಿ ಮಾಡಿ, ಪಕ್ಕದಲ್ಲಿದ್ದ ಕರಿಯನ ತಟ್ಟೆಗೂ ಬಾಯಿ ಹಾಕಿದಳು. ತೂಕ 690 ಗ್ರಾಂ. ಬಾಟಲಿಯನ್ನು ಮುಟ್ಟದೆ ಅವಳು ಕಳೆದ ಏಳನೆಯ ದಿನ ಅದು. ಮೂರೂ ಬೆಕ್ಕಿನ ಮರಿಗಳಿಗೆ ಎಂಟು ವಾರ ತುಂಬಿದೆ, ಮೂವರೂ ಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಬಂದಿದ್ದಾರೆ. ಈ ಆರೂವರೆ ವಾರ ನನ್ನ ಜೊತೆ ನಿಂತವರಿಗೆ ಎದುರಿಗೇ ಹೇಳಬೇಕಾದ ಮಾತುಗಳಿವು. ಎದುರಿಗೆ ಹೇಳಹೊರಟರೆ ಗಂಟಲುಬ್ಬಿ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೈಗೆ ಬಂದಾಗ ಮರಿಗಳು ನಾಲ್ಕಿದ್ದವು. ತಾಯಿ ವಾಹನಕ್ಕೆ ಸಿಕ್ಕಿ ಸತ್ತಿತ್ತು. ಕಣ್ಣು ಆಗಷ್ಟೇ ಬಿಟ್ಟಿದ್ದವು. ಹುಟ್ಟಿ ಹತ್ತು ಹನ್ನೆರಡು ದಿನವಾಗಿದ್ದಿರಬಹುದು. ಮೈ ತಣ್ಣಗಿತ್ತು. ನಾನು ಏನೂ ತಿಳಿಯದೆ ಹಸುವಿನ ಹಾಲು ಬಿಸಿ ಮಾಡಿ, ಮಗುವನ್ನು ಮಲಗಿಸಿಕೊಳ್ಳುವಂತೆ ಅಂಗಾತ ಮಲಗಿಸಿಕೊಂಡು ಕುಡಿಸಿದೆ. ರಾತ್ರಿಯೊಳಗೆ ನಾಲ್ಕಕ್ಕೂ ಭೇದಿ ಶುರುವಾಯಿತು.

ಡಾಕ್ಟರೇ, ಮರುದಿನ ನೀವು ನನ್ನನ್ನು ಗದರಿಸಬಹುದಿತ್ತು. ಗದರಿಸಲಿಲ್ಲ. ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ, ಮೊದಲು ಮೈ ಬೆಚ್ಚಗಾಗಬೇಕು ಎಂದಿರಿ. ಹಸುವಿನ ಹಾಲಿನ ಲ್ಯಾಕ್ಟೋಸ್ ಇವುಗಳ ಹೊಟ್ಟೆಗೆ ಒಗ್ಗದು, ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನೇ ಕೊಡಬೇಕು ಎಂದಿರಿ. ಒಂದು ಮರಿಯನ್ನು ಮೇಜಿನ ಮೇಲೆ ಹೊಟ್ಟೆ ಕೆಳಗಾಗಿ, ತಾಯಿಯ ಬಳಿ ಕುಡಿಯುವ ಭಂಗಿಯಲ್ಲೇ ನಿಲ್ಲಿಸಿ, ಹೀಗೆ ಎಂದು ಕುಡಿಸಿ ತೋರಿಸಿದಿರಿ. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಆಗಲೇ. ಮೂರನೆಯ ರಾತ್ರಿ ನಾಲ್ಕನೆಯ ಮರಿ ನನ್ನ ಅಂಗೈಯಲ್ಲೇ ಹೋಯಿತು. ನೀವು ಆ ಹೊತ್ತಿನಲ್ಲೂ ಫೋನ್ ತೆಗೆದಿರಿ. ಉಳಿದ ಮೂರನ್ನು ಈಗ ನೋಡಿ ಎಂದಿರಿ. ನೋಡಿದೆ.

ಎದುರು ಮನೆಯ ಹುಡುಗನಿಗೂ ಒಂದು ಮಾತು ಹೇಳಬೇಕು. ಅವನು ದಿನವೂ ಶಾಲೆಗೆ ಹೋಗುವ ಮುನ್ನ ಬಂದು, ಅಡುಗೆಮನೆಯ ತೂಕದ ಯಂತ್ರದ ಮೇಲೆ ಡಬ್ಬಿ ಇಟ್ಟು, ಮರಿಗಳನ್ನು ಒಂದೊಂದಾಗಿ ಅದರಲ್ಲಿ ಕೂರಿಸಿ ತೂಕ ಬರೆದಿಟ್ಟ. ಈ ವಯಸ್ಸಿನ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಕಣ್ಣಿಗೆ ಕಾಣದ್ದು ಆ ಪುಸ್ತಕದಲ್ಲಿ ಕಾಣುತ್ತಿತ್ತು. ಐದನೆಯ ವಾರದ ಪುಟ ಈಗಲೂ ನನ್ನ ಮುಂದಿದೆ: ‘ಚುಕ್ಕಿ 348. ಚುಕ್ಕಿ 348. ಚುಕ್ಕಿ 344.’ ಕೊನೆಯ ಅಂಕಿಗೆ ಅವನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಏನೂ ಮಾತಾಡದೆ ನನ್ನ ಮುಖ ನೋಡಿದ್ದ.

ನಾಲ್ಕು ವಾರ ತುಂಬಿ, ಕೋರೆಹಲ್ಲು ಮೂಡಿ, ಮರಿಗಳು ನಿಪ್ಪಲನ್ನು ಚೀಪುವ ಬದಲು ಕಚ್ಚತೊಡಗಿದಾಗ ಹಾಲು ಬಿಡಿಸಲು ಹೊರಟಿದ್ದೆವು. ಕರಿಯ ಮತ್ತು ಬೂದ ಎರಡೇ ದಿನಕ್ಕೆ ತಟ್ಟೆಯೊಳಗೆ ನಾಲ್ಕೂ ಕಾಲಿಟ್ಟು ತಿನ್ನಲು ಕಲಿತರು. ಚುಕ್ಕಿ ಮಾತ್ರ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು, ಇತ್ತ ನಿಪ್ಪಲನ್ನೂ ಕಡಿದು ಹಾಕುತ್ತಿದ್ದಳು. ಬಾಟಲಿ ಕೊಡುವುದನ್ನು ಕಡಿಮೆ ಮಾಡಿದರೆ ಹಸಿವಿಗೆ ತಾನೇ ತಿಂದಾಳು ಎಂದುಕೊಂಡೆ. ಅವಳ ಮೂತಿಯನ್ನು ತಟ್ಟೆಗೆ ಒತ್ತಿಯೂ ನೋಡಿದೆ. ಅವಳು ಸೀನಿದಳು, ಮೂಗಿನಿಂದ ಆಹಾರ ಬಂತು. ಕೆಂಪು ಸುತ್ತು ಬಿದ್ದಿದ್ದು ಅದರ ಮಾರನೆಯ ದಿನ.

ಅಕ್ಕಾ, ಆ ಸಂಜೆ ನೀವು ಬಾರದಿದ್ದರೆ ಏನಾಗುತ್ತಿತ್ತೋ. ಎಷ್ಟೋ ತಬ್ಬಲಿ ಮರಿಗಳನ್ನು ಸಾಕಿ ದೊಡ್ಡದು ಮಾಡಿದ ಕೈ ನಿಮ್ಮದು. ಬಂದವರೇ ಮೊದಲು ಅವಳಿಗೆ ಬಾಟಲಿಯಲ್ಲೇ ಹೊಟ್ಟೆಗೆ ಸಾಕಾಗುವಷ್ಟು ಹಾಲು ಕುಡಿಸಿದಿರಿ. ‘ಇಷ್ಟು ಸಣ್ಣ ಜೀವವನ್ನು ಹಸಿವಿನಲ್ಲಿ ಕೆಡಹಬಾರದು, ರಕ್ತದ ಸಕ್ಕರೆ ಇಳಿದುಬಿಡುತ್ತದೆ’ ಎಂದಿರಿ. ಎರಡು ಗಂಟೆ ಬಿಟ್ಟು, ಮರಿಗಳ ಡಬ್ಬಿ ಆಹಾರವನ್ನು ಅದೇ ಪುಡಿಹಾಲಿನಲ್ಲಿ ಗಂಟಿಲ್ಲದಂತೆ, ಸುರಿದರೆ ಹರಿಯುವಷ್ಟು ತೆಳ್ಳಗೆ ಕಲಸಿದಿರಿ. ಮುಂಗೈ ಮೇಲೆ ಹನಿಸಿಕೊಂಡು ಬಿಸಿ ನೋಡಿದಿರಿ. ವಾಸನೆ ಅವಳಿಗೆ ಪರಿಚಯದ್ದೇ ಇರಲಿ, ಹದ ಮಾತ್ರ ಬೇರೆಯಾಗಲಿ ಎಂದಿರಿ. ಆಮೇಲೆ ನೆಲದ ಮೇಲೆ ಕೂತು, ಕಿರುಬೆರಳ ತುದಿಗೆ ಅದನ್ನು ಒಂದಿಷ್ಟು ಹಚ್ಚಿಕೊಂಡು ಅವಳ ಮೇಲ್ತುಟಿಗೆ ಸವರಿ, ಕೈ ಹಿಂದೆಗೆದು ಸುಮ್ಮನಾದಿರಿ.

ಅವಳು ನೆಕ್ಕಿಕೊಂಡಳು. ನೀವು ಬೆರಳು ಚಾಚಲಿಲ್ಲ. ಅವಳೇ ಎರಡು ಹೆಜ್ಜೆ ಬಂದು ಬೆರಳನ್ನು ಮೂಸಿದಳು. ಆ ಪುಟ್ಟ ನಾಲಿಗೆಗೆ ಚೀಪುವುದು ಗೊತ್ತಿತ್ತು, ನೆಕ್ಕುವುದು ಗೊತ್ತಿರಲಿಲ್ಲ. ಬೆರಳನ್ನು ಸುತ್ತಿ ಹಿಡಿಯಲು ನೋಡುತ್ತಿತ್ತು. ಬೆರಳು ದಿನಕ್ಕೊಂದಿಷ್ಟು ತಟ್ಟೆಯ ಕಡೆ ಇಳಿಯಲಿ ಎಂದು ನನಗೆ ಹೇಳಿ ಹೋದಿರಿ. ಐದನೆಯ ದಿನ ನನ್ನ ಬೆರಳು ತಟ್ಟೆಯ ಅಂಚಿನಲ್ಲಿತ್ತು. ಅವಳು ಬೆರಳು ಬಿಟ್ಟು ಪಕ್ಕದಲ್ಲಿದ್ದುದನ್ನು ನೆಕ್ಕಿದಳು. ಮೂರೇ ಮೂರು ಸಲ. ನಾನು ಉಸಿರು ಬಿಗಿಹಿಡಿದು ಎಣಿಸಿದ್ದೇನೆ.

ಮೊದಲು ತಟ್ಟೆ, ಆಮೇಲೆ ಕೊರತೆ ತುಂಬಲು ಬಾಟಲಿ. ಮಲ ಸಡಿಲವಾದ ದಿನ ಒಂದು ಹೆಜ್ಜೆ ಹಿಂದಕ್ಕೆ, ಆಹಾರ ಕಡಿಮೆ, ಹಾಲು ಜಾಸ್ತಿ. ನೀವು ಹಾಕಿಕೊಟ್ಟ ಈ ಲೆಕ್ಕದಲ್ಲೇ ಉಳಿದ ದಿನಗಳು ಸಾಗಿದವು. ಹಾಲು ಬಿಡಿಸುವುದೆಂದರೆ ಬಾಟಲಿ ಕಿತ್ತುಕೊಳ್ಳುವುದು ಎಂದೇ ನಾನು ತಿಳಿದಿದ್ದೆ. ಬಾಟಲಿ ಬೇಡವೆನ್ನುವ ದಿನವನ್ನು ಮರಿಗೇ ಬಿಟ್ಟುಕೊಡಲು ನೀವು ಕಲಿಸಿದಿರಿ.

ಅಮ್ಮಾ, ನಿನಗೆ ಹೇಗೆ ಹೇಳಲಿ. ರಾತ್ರಿ ಎರಡು ಗಂಟೆಯ ಹಾಲು ನಿನ್ನದಾಗಿತ್ತು. ಪ್ರತಿ ಊಟದ ನಂತರ ಬೆಚ್ಚನೆಯ ನೀರಲ್ಲಿ ಬಟ್ಟೆ ಅದ್ದಿ, ತಾಯಿ ಬೆಕ್ಕು ನೆಕ್ಕುವ ಹಾಗೆ ಗಿಡ್ಡ ಗಿಡ್ಡ ಎಳೆತಗಳಲ್ಲಿ ಮೂರೂ ಮುಖಗಳನ್ನು ಒರೆಸಿದೆ. ಗದ್ದದ ಕೆಳಗೆ ಆಹಾರ ಒಣಗಿ ಅಂಟಿದರೆ ಚರ್ಮ ಕೆಂಪಾಗುವುದನ್ನು ಮೊದಲು ಕಂಡವಳೂ ನೀನೇ. ಕಚೇರಿಯಲ್ಲಿ ಮಧ್ಯಾಹ್ನ ಮನೆಗೆ ಹೋಗಿಬರಲು ನನ್ನ ಕೆಲಸ ಹೊತ್ತುಕೊಂಡ ಗೆಳೆಯರಿಗೂ ನಾನು ಋಣಿ.

ಕರಿಯ 870, ಬೂದ 840. ಜಂತುಹುಳದ ಔಷಧಿ ಎರಡು ವಾರಕ್ಕೊಮ್ಮೆ ತಪ್ಪದೆ ಬಿದ್ದಿದೆ, ಮೊದಲ ಲಸಿಕೆಯೂ ಆಯಿತು.

ಅಕ್ಕಾ, ನೀವು ಕೊಟ್ಟಿದ್ದ ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿಟ್ಟಿದ್ದೇನೆ. ಚುಕ್ಕಿ ಕಡಿದ ನಿಪ್ಪಲುಗಳ ಬದಲಿಗೆ ಹೊಸವು ನಾಲ್ಕು ಜೊತೆಗಿವೆ. ನಿಮ್ಮ ಮನೆಗೆ ಇನ್ನೆರಡು ಮರಿಗಳು ಬಂದಿವೆಯೆಂದು ಕೇಳಿದೆ, ಹಾಗಾಗಿ ನಾಳೆಯೇ ತಂದುಕೊಡುತ್ತೇನೆ. ಚುಕ್ಕಿಯನ್ನು ನೋಡಲು ಮಾತ್ರ ನೀವೇ ಬರಬೇಕು. ಲಸಿಕೆಗಳೆಲ್ಲ ಮುಗಿಯುವವರೆಗೆ ಹೊರಗೆ ಕರೆದೊಯ್ಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ.