ರುದ್ರಭೂಮಿಗೂ ಬೇಕು ಶಾಶ್ವತ ನಿಧಿ

ಮಾನ್ಯರೇ,

ನಮ್ಮೂರ ರುದ್ರಭೂಮಿಯಲ್ಲಿ ಈ ಜೂನ್‌ನಲ್ಲೂ ಸಸಿ ನೆಟ್ಟರು. ಹೋದ ವರ್ಷದವು ಏಪ್ರಿಲ್ ಹೊತ್ತಿಗೇ ಒಣಗಿ ಕಡ್ಡಿಯಾಗಿದ್ದವು. ಅವೇ ಗುಂಡಿಗಳನ್ನು ಕೆದಕಿ ಹೊಸ ಹೊಂಗೆ ಇಟ್ಟಿದ್ದಾರೆ. ತೋಟಗಾರಿಕೆಯಲ್ಲೇ ಕೂದಲು ನರೆತ ನನಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಸಸಿ ಬೇರೂರಲು ಎರಡು ಮೂರು ಬೇಸಿಗೆ ನೀರು ಬೇಕು. ಆ ನೀರಿಗೆಂದು ಯಾರೂ ಒಂದು ರೂಪಾಯಿ ತೆಗೆದಿಟ್ಟಿಲ್ಲ.

ಮಗಳ ಮನೆಗೆಂದು ಅಮೆರಿಕದ ಬಾಸ್ಟನ್‌ಗೆ ಹೋಗಿದ್ದಾಗ ಹತ್ತಿರದ ಮೌಂಟ್ ಆಬರ್ನ್ ಸ್ಮಶಾನದಲ್ಲಿ ಹಲವು ಬೆಳಗು ಓಡಾಡಿದೆ. ಮೇ ತಿಂಗಳು. ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ನೋಡುವವರು ಸಮಾಧಿಗಳ ನಡುವೆ ನಿಂತಿದ್ದರು. ಮರಗಳಿಗೆ ಅಂಗೈಗಿಂತ ಚಿಕ್ಕದಾದ ಹೆಸರಿನ ಬಿಲ್ಲೆ ಕಟ್ಟಿದ್ದರು. ಸ್ಮಶಾನದೊಳಗಿನ ರಸ್ತೆಗಳಿಗೂ ಮರಗಿಡಗಳದ್ದೇ ಹೆಸರು.

ಈ ಸ್ಮಶಾನ ಶುರುವಾದದ್ದು 1831ರಲ್ಲಿ. ಬಾಸ್ಟನ್ನಿನ ಚರ್ಚ್‌ ಅಂಗಳಗಳಲ್ಲಿ ಹೂಳಲು ಜಾಗ ಸಾಲದಾದಾಗ, ವೈದ್ಯರೂ ಸಸ್ಯಶಾಸ್ತ್ರಜ್ಞರೂ ಆಗಿದ್ದ ಜೇಕಬ್ ಬಿಗೆಲೋ ಊರಾಚೆ ಕಾಡಿನಂಥ ಜಾಗದಲ್ಲಿ ಸ್ಮಶಾನ ಮಾಡೋಣ ಎಂದರು. ಮ್ಯಾಸಚೂಸೆಟ್ಸ್ ತೋಟಗಾರಿಕಾ ಸಂಘ ಕೈಜೋಡಿಸಿತು. 6,000 ಡಾಲರಿಗೆ 72 ಎಕರೆ ಬಂತು. 300 ಚದರಡಿಯ ಒಂದೊಂದು ಕುಟುಂಬದ ಜಾಗವನ್ನು 60 ಡಾಲರಿನಂತೆ ಮಾರಿದರು. 1835ರಲ್ಲಿ ಸ್ಮಶಾನ ಬೇರೆ ಸಂಸ್ಥೆಯಾದಾಗ, ಮಾರಾಟದ ಹಣದಲ್ಲಿ ನಾಲ್ಕನೇ ಒಂದು ಪಾಲು ಸಂಘಕ್ಕೆ ಎಂದು ಒಪ್ಪಂದವಾಯಿತು.

ತೊಂದರೆ ಆಮೇಲೆ ಶುರುವಾಯಿತು. ಜಾಗ ಕೊಂಡವರಲ್ಲಿ ಅನೇಕರು ತಂತಮ್ಮ ಸಮಾಧಿಗೆ ಕಬ್ಬಿಣದ ಬೇಲಿ ಹಾಕಿಸಿದರು. ಕೆಲವೇ ವರ್ಷಗಳಲ್ಲಿ ಅದಕ್ಕೆ ತುಕ್ಕು ಹಿಡಿಯಿತು, ಬಣ್ಣ ಬಳಿಯಬೇಕಾದ ಮಕ್ಕಳು ಬೇರೆ ಊರು ಸೇರಿದ್ದರು. ನಮ್ಮಲ್ಲೂ ಇದು ಹೊಸದಲ್ಲ. ಅಜ್ಜನ ಸಮಾಧಿಗೆ ಗ್ರಿಲ್ ಹಾಕಿಸಿದವರು ಬೆಂಗಳೂರು ಸೇರಿದ್ದಾರೆ, ಒಳಗೆ ಎದೆಮಟ್ಟ ಪಾರ್ಥೇನಿಯಂ ಬೆಳೆದಿದೆ.

ಅಮೆರಿಕದ್ದೇ ಇನ್ನೊಂದು ಊರು ಸಿನ್ಸಿನಾಟಿಯ ಸ್ಪ್ರಿಂಗ್ ಗ್ರೋವ್ ಸ್ಮಶಾನಕ್ಕೆ 1855ರಲ್ಲಿ ಕೆಲಸಕ್ಕೆ ಬಂದ ಅಡಾಲ್ಫ್ ಸ್ಟ್ರಾಚ್ ಗಟ್ಟಿ ಮನಸ್ಸು ಮಾಡಿದರು. ಬೇಲಿ ತೆಗೆಸಿದರು, ಗೋರಿಕಲ್ಲುಗಳನ್ನು ಗಿಡ್ಡಗಾಗಿಸಿದರು, ಇಡೀ ಜಾಗವನ್ನು ಒಂದೇ ಹುಲ್ಲುಹಾಸಾಗಿ ನೋಡಿಕೊಂಡರು. ಜಾಗ ಕೊಂಡವರು ನಮ್ಮ ಜಾಗ, ನಮ್ಮ ಹಕ್ಕು ಎಂದು ಜಗಳಕ್ಕೆ ಬಂದರೂ ಅವರು ಹಿಂದೆ ಸರಿಯಲಿಲ್ಲ. ನನಗೆ ಅವರ ಮೇಲೆ ತುಂಬ ಗೌರವ.

ಈ ಸ್ಮಶಾನಗಳನ್ನು ಇಷ್ಟು ಕಾಲ ಉಳಿಸಿದ್ದು ಇನ್ನೊಂದು ಏರ್ಪಾಡು. ಜಾಗ ಕೊಂಡವರು ಒಮ್ಮೆ ಇಡಿಗಂಟು ಕಟ್ಟುತ್ತಿದ್ದರು. ಸ್ಮಶಾನದವರು ಅಸಲು ಮುಟ್ಟದೆ, ಅದರ ಬಡ್ಡಿಯಲ್ಲಿ ಹುಲ್ಲು ಕತ್ತರಿಸಿ ಕಲ್ಲು ನೆಟ್ಟಗೆ ನಿಲ್ಲಿಸುತ್ತಿದ್ದರು. ದೇವಸ್ಥಾನದಲ್ಲಿ ನಾವು ಶಾಶ್ವತ ಪೂಜೆಗೆ ಹಣ ಕಟ್ಟುತ್ತೇವಲ್ಲ, ಅದೇ ಲೆಕ್ಕ. ತೀರಿಕೊಂಡವರ ಹೆಸರಿನಲ್ಲಿ ವರ್ಷಕ್ಕೊಂದು ಅಭಿಷೇಕ ಮಾಡಿಸುವ ನಾವು, ಅವರು ಮಲಗಿದ ನೆಲಕ್ಕೆ ಒಂದು ಕೊಡ ನೀರಿನ ವ್ಯವಸ್ಥೆ ಮಾಡಲಾರೆವೇ?

ನಮ್ಮೂರ ಸ್ಥಳೀಯ ಆಡಳಿತದವರಲ್ಲಿ ನನ್ನ ಕೋರಿಕೆ ಇಷ್ಟೇ. ಇನ್ನೊಂದು ಕಮಾನು, ಇನ್ನೊಂದು ಕಾಂಪೌಂಡ್ ಗೋಡೆಗೆ ಟೆಂಡರ್ ಕರೆಯುವ ಮೊದಲು ರುದ್ರಭೂಮಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಠೇವಣಿ ತೆರೆಯಿರಿ. ಊರವರೂ ಕೈಲಾದಷ್ಟು ಹಾಕೋಣ. ಬಡ್ಡಿಯಲ್ಲಿ ನೀರು ಹಾಕುವ ಒಬ್ಬ ಆಳಿಗೆ ಸಂಬಳ ಕೊಡೋಣ, ಪಾತಿ ಕಟ್ಟುವುದನ್ನು ನಾನೇ ನಿಂತು ತೋರಿಸಿಕೊಡುತ್ತೇನೆ. ಅಪ್ಪನ ಸಮಾಧಿಯ ಪಕ್ಕದ ಎರಡು ಸಸಿಗಳಿಗೆ ಮಳೆ ಬಾರದ ದಿನ ನಾನೇ ನೀರು ಹೊರುತ್ತಿದ್ದೇನೆ. ಉಳಿದವು ಇನ್ನೂ ಮೂವತ್ತೆಂಟು ಇವೆ.

— ನಿವೃತ್ತ ತೋಟಗಾರಿಕಾ ಸಹಾಯಕ, ತುಮಕೂರು ಜಿಲ್ಲೆ