ಕಿಟಾಕ್ಯುಶು: ತೊಬಾಟಾದ ಗೃಹಿಣಿಯರನ್ನು ಮರೆಯಬಾರದಿತ್ತು

ಮಾನ್ಯ ಸಂಪಾದಕರೇ,

ಜಪಾನಿನ ಕಿಟಾಕ್ಯುಶು ನಗರವನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಅಲ್ಲಿನ ಹೊಗೆ ತಗ್ಗಿದ ಶ್ರೇಯವನ್ನೆಲ್ಲ ತಂತ್ರಜ್ಞಾನಕ್ಕೂ ನಗರಾಡಳಿತಕ್ಕೂ ಒಪ್ಪಿಸಿ, ಮೊದಲು ದನಿ ಎತ್ತಿದ, ಆ ನಗರದ ಭಾಗವಾದ ತೊಬಾಟಾದ ಗೃಹಿಣಿಯರ ಹೆಸರನ್ನೇ ಎತ್ತದಿರುವುದು ಸರಿಯೆನಿಸಲಿಲ್ಲ.

ಚೀನಾದೊಂದಿಗಿನ ಯುದ್ಧದಲ್ಲಿ ಗೆದ್ದು ಪಡೆದ ಪರಿಹಾರಧನದ ಒಂದು ಪಾಲನ್ನು ಹಾಕಿ ಜಪಾನ್ ಸರ್ಕಾರ ಕಟ್ಟಿಸಿದ ಯವಾಟಾ ಉಕ್ಕಿನ ಕಾರ್ಖಾನೆಯು, ಜರ್ಮನ್ ತಂತ್ರಜ್ಞರ ನೆರವಿನಿಂದ, ಸಮೀಪದ ಚಿಕುಹೊ ಗಣಿಗಳ ಕಲ್ಲಿದ್ದಲನ್ನು ನೆಚ್ಚಿಕೊಂಡು 1901ರಲ್ಲಿ ಕಾರ್ಯಾರಂಭ ಮಾಡಿತು. 1963ರಲ್ಲಿ ಮೊಜಿ, ಕೊಕುರಾ, ತೊಬಾಟಾ, ಯವಾಟಾ ಮತ್ತು ವಕಮಟ್ಸು ಎಂಬ ಐದು ನಗರಗಳು ಸೇರಿ ಕಿಟಾಕ್ಯುಶು ಆಯಿತು. ಚಿಮಣಿಗಳಿಂದ ಏಳುತ್ತಿದ್ದ ಬಣ್ಣಬಣ್ಣದ ಹೊಗೆಯನ್ನು ಊರಿನ ಏಳಿಗೆಯ ಗುರುತೆಂದು ಜನ ಹೆಮ್ಮೆಪಡುತ್ತಿದ್ದ ಕಾಲವದು. ಕಾರ್ಖಾನೆಗಳ ಕೊಳಕು ನೀರು ಸೇರುತ್ತಿದ್ದ ಡೊಕಾಯ್ ಕೊಲ್ಲಿಗೆ 'ಸಾವಿನ ಕಡಲು' ಎಂಬ ಹೆಸರೇ ಬಿದ್ದಿತ್ತು.

ತೊಬಾಟಾದ ಮಹಿಳಾ ಸಂಘದವರಿಗೆ ಆ ಹೆಮ್ಮೆ ಉಳಿಯಲಿಲ್ಲ, ಏಕೆಂದರೆ ಒಗೆದು ಹರವಿದ ಬಟ್ಟೆ ಒಣಗುವಷ್ಟರಲ್ಲಿ ಮಸಿ ಹಿಡಿಯುತ್ತಿತ್ತು. ಬರಿಯ ದೂರಿಗೆ ಯಾರೂ ಕಿವಿಗೊಡುವುದಿಲ್ಲವೆಂದು ಅರಿತ ಅವರು ಉದುರುವ ಮಸಿಯನ್ನು ತಾವೇ ಹಿಡಿದು ಅಳೆದರು. ಶಾಲೆಗೆ ಗೈರಾಗುವ ಮಕ್ಕಳ ಲೆಕ್ಕವನ್ನು ಹೊಗೆಯ ಲೆಕ್ಕದೊಂದಿಗೆ ಹೋಲಿಸಿ ನೋಡಿದರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಸಲಹೆ ಪಡೆದರು. 1965ರಲ್ಲಿ ನೀಲಿ ಆಕಾಶ ಬೇಕೆಂದು ಕೇಳುವ ಸಾಕ್ಷ್ಯಚಿತ್ರವನ್ನೂ ತಯಾರಿಸಿದರು. ಇವರಲ್ಲಿ ಅನೇಕರ ಗಂಡಂದಿರು ದುಡಿಯುತ್ತಿದ್ದುದು ಅವೇ ಕಾರ್ಖಾನೆಗಳಲ್ಲಿ. ಮನೆಯ ಅನ್ನಕ್ಕೆ ಆಧಾರವಾದ ಸಂಸ್ಥೆಯತ್ತ ಬೆರಳು ತೋರಿಸುವುದು ಎಷ್ಟು ಕಷ್ಟವೆಂಬುದನ್ನು ಕಾರ್ಖಾನೆಯ ಊರಿನಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಂಪನಿಗಳು ನಗರಾಡಳಿತದೊಂದಿಗೆ ಮಾಲಿನ್ಯ ತಡೆ ಒಪ್ಪಂದಗಳಿಗೆ ಸಹಿ ಹಾಕತೊಡಗಿದ್ದು ಇದಾದ ಮೇಲೆ. ಕೊಲ್ಲಿಯ ತಳದಲ್ಲಿ ಪಾದರಸ ಬೆರೆತಿದ್ದ ಕೆಸರನ್ನು 1970ರ ದಶಕದಲ್ಲಿ ಎತ್ತಿಸಲಾಯಿತು. 1972ರಿಂದ 1991ರವರೆಗೆ ಮಾಲಿನ್ಯ ನಿವಾರಣೆಗೆ ಖರ್ಚಾದ ಸುಮಾರು 80 ಸಾವಿರ ಕೋಟಿ ಯೆನ್‌ನಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಸಾರ್ವಜನಿಕ ಹಣವೇ ಆಗಿತ್ತು. ಕೊಳಕು ಮಾಡಿದವರಿಗಿಂತ ತೆರಿಗೆ ಕಟ್ಟಿದವರೇ ಹೆಚ್ಚು ತೆತ್ತರೆಂಬ ಈ ಸಂಗತಿಯೂ ಲೇಖನದಲ್ಲಿ ಇರಬೇಕಿತ್ತು.

ಇಂಧನ ಬದಲಾದದ್ದು, ಹಳೆಯ ಕುಲುಮೆಗಳು ಆರಿದ್ದು ಕೂಡ ಗಾಳಿ ತಿಳಿಯಾಗಲು ಕಾರಣವೆಂಬುದನ್ನು ಒಪ್ಪುತ್ತೇನೆ. ಆದರೆ 1997ರಲ್ಲಿ ಆರಂಭವಾದ, ತ್ಯಾಜ್ಯ ಮರುಬಳಕೆಯ ಉದ್ದಿಮೆಗಳನ್ನು ಒಂದೆಡೆ ಸೇರಿಸುವ ಅಲ್ಲಿನ ಇಕೋ ಟೌನ್ ಯೋಜನೆಯಿಂದಲೇ ಕಥೆ ಶುರುವಾಗುವಂತೆ ಬರೆದರೆ, ಹಿಂದಿನ ನಾಲ್ಕು ದಶಕಗಳ ಹೋರಾಟ ಓದುಗರಿಗೆ ಕಾಣುವುದೇ ಇಲ್ಲ. ಆ ಮಹಿಳಾ ಸಂಘದ ಬಗ್ಗೆಯೇ ಒಂದು ಪ್ರತ್ಯೇಕ ಲೇಖನವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ, ಭದ್ರಾವತಿ